ಕಪ್ಪು ಹಾಳೆಗೆ ಅಂಟಿದ ಆಟಗಾರ

ಆರ್ವಿಲ್ ಕ್ಲೆಮ್‌ನ ಮನೆಯಲ್ಲಿ ಊಟದ ಮೇಜು ಇದೆ ಎಂದು ಅವನ ಹೆಂಡತಿ ಹೇಳಿದರೆ ನಂಬಬೇಕಿತ್ತೇ ಹೊರತು ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಅದರ ಮೇಲೆ, ಕೆಳಗೆ, ಸುತ್ತಮುತ್ತ ಇಪ್ಪತ್ತೇಳು ರಟ್ಟಿನ ಪೆಟ್ಟಿಗೆಗಳು. ಅವುಗಳ ತುಂಬ ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳು. ಅದೂ ಹೆಸರಾಂತ ಆಟಗಾರರದ್ದಲ್ಲ. ಯಾವ ಊರಿನ ಬೇಕರಿ ಬ್ರೆಡ್ಡಿನ ಜೊತೆ ಕೊಟ್ಟಿತ್ತೋ, ಯಾವ ಲಾಂಡ್ರಿ ಅಂಗಿಯೊಳಗೆ ಮಡಿಸಿಟ್ಟಿತ್ತೋ ಯಾರಿಗೂ ಗೊತ್ತಿಲ್ಲದ, ದಿಕ್ಕುದೆಸೆಯಿಲ್ಲದ ಕಾರ್ಡುಗಳೆಂದರೆ ಅವನಿಗೆ ಪ್ರಾಣ.

ಶನಿವಾರ ಬೆಳಿಗ್ಗೆ ಲೋರ್ನಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊಟ್ಟೆ ತಿನ್ನುತ್ತಲೇ ತೀರ್ಪು ಕೊಟ್ಟಳು.

"ನೋಡ್ರೀ, ಸಂಜೆ ಊಟದ ಹೊತ್ತಿಗೆ ಇವುಗಳಲ್ಲಿ ಯಾವ್ದಕ್ಕೆ ಬೆಲೆ ಇದೆ ಅಂತ ತೋರ್ಸಿ. ಬೆಲೆ ಇರೋದು ಮನೇಲಿರ್ಲಿ, ಮಿಕ್ಕಿದ್ದು ಚರ್ಚಿನ ಹಳೆ ಸಾಮಾನಿನ ಸಂತೆಗೆ ಹೋಗ್ಲಿ."

"ಆಯ್ತು ಬಿಡು," ಎಂದ ಆರ್ವಿಲ್. ಒಂದು ಕಾರ್ಡು ಗೆದ್ದರೆ ಅದರ ನೆರಳಿನಲ್ಲಿ ಇಪ್ಪತ್ತೇಳು ಪೆಟ್ಟಿಗೆಯೂ ಬದುಕಿಕೊಳ್ಳುತ್ತವೆ ಎಂಬುದು ಅವನ ಲೆಕ್ಕಾಚಾರ. ಆ ಒಂದು ಕಾರ್ಡು ಅವನ ಕೋಟಿನ ಜೇಬಿನಲ್ಲೇ ಇತ್ತು. ಹಿಂದಿನ ದಿನ ಅದೇ ಚರ್ಚಿನ ಸಂತೆಯಲ್ಲಿ ಐವತ್ತು ಸೆಂಟಿಗೆ ಸಿಕ್ಕ, ಯಾವುದೋ ಆಲ್ಬಮ್ಮಿನಿಂದ ಕಿತ್ತುಬಂದ ಕಪ್ಪು ಹಾಳೆ. ಅದಕ್ಕೆ ಅಂಟಿಸಿದ ಕಾರ್ಡು. ದಪ್ಪ ಗ್ಲೌಸು ಹಿಡಿದು ನಗುತ್ತಿದ್ದ ಗುಂಗುರು ಕೂದಲಿನ ಹುಡುಗ. ಹೆಸರಿಲ್ಲ, ತಂಡದ ಗುರುತಿಲ್ಲ, ಆರ್ವಿಲ್‌ನ ಬಳಿಯಿದ್ದ ಯಾವ ಪಟ್ಟಿಯಲ್ಲೂ ಇಲ್ಲ.

ಅವನು ಮೊದಲು ಹೋದದ್ದು ಕ್ಷೌರಿಕ ಕಾಜ್‌ನ ಅಂಗಡಿಗೆ. ಕಾಜ್ ಈ ಊರಿನಲ್ಲೇ ಹುಟ್ಟಿ ಬೆಳೆದವನು. ಆರ್ವಿಲ್ ಟೊಲೀಡೊದಿಂದ ಅಂಚೆ ಕಚೇರಿಗೆ ವರ್ಗವಾಗಿ ಬಂದು ಇಪ್ಪತ್ತೊಂಬತ್ತು ವರ್ಷವಾಗಿದ್ದರೂ ಊರಿನವರ ಪಾಲಿಗೆ ಇನ್ನೂ ಹೊಸಬ.

ಕಾರ್ಡು ನೋಡಿದ್ದೇ ಕಾಜ್‌ನ ಕತ್ತರಿ ನಿಂತಿತು. "ಇದೆಲ್ಲಿ ಸಿಕ್ತೋ ನಿಂಗೆ?"

"ಅದಿರ್ಲಿ, ಯಾರು ಇವ್ನು?"

"ಯಾರೋ. ನಂಗೇನ್ ಗೊತ್ತು?" ಕಾಜ್ ಕೆಮ್ಮಿದ. "ಇದನ್ನ ನಂಗೆ ಕೊಟ್ಬಿಡು. ಐದು ಡಾಲರ್ ಕೊಡ್ತೀನಿ, ಮೇಲೆ ಒಂದ್ ವರ್ಷ ಕ್ಷೌರ ಬಿಟ್ಟಿ."

ಆರ್ವಿಲ್‌ಗೆ ಕೂದಲಿದ್ದದ್ದು ಕಿವಿಯ ಮೇಲೆ ಮಾತ್ರ. ಆದರೂ ಕಾಜ್‌ನ ಬಾಯಲ್ಲಿ ಬಿಟ್ಟಿ ಎಂಬ ಮಾತು ಬಂದದ್ದು ಅದೇ ಮೊದಲು. ಇದರಲ್ಲಿ ಏನೋ ಇದೆ ಎಂದುಕೊಂಡ ಆರ್ವಿಲ್ ಹಾಳೆಯನ್ನು ಮತ್ತೆ ಜೇಬಿಗೆ ಸೇರಿಸಿದ.

"ಕಾರ್ಡಿನ ಮುಖ ನೋಡಿ ಮರುಳಾಗ್ಬಾರ್ದು ಕಾಜ್. ಜಾತಕ ಇರೋದು ಬೆನ್ನಲ್ಲಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿದ್ರೆ ಹಾಳೆ ಬಿಡತ್ತೆ, ಹಿಂದೆ ಬರೆದಿರೋದು ಕಾಣತ್ತೆ."

"ನೆನೆಹಾಕ್ಬೇಡ ಮಾರಾಯ," ಎಂದ ಕಾಜ್. ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು.

ಮುಂದೆ ಹಬರ್ಟ್. ಮೂವತ್ತು ವರ್ಷ ಊರಿನ ಪಂದ್ಯಗಳಿಗೆ ಅಂಪೈರ್ ಆಗಿದ್ದ ಮುದುಕ, ಒಮ್ಮೆ ಔಟ್ ಅಂದರೆ ದೇವರು ಬಂದರೂ ಬದಲಾಯಿಸದವನು. ಅವನು ಕಾರ್ಡನ್ನು ನೋಡಿದ, ಆರ್ವಿಲ್‌ನನ್ನು ನೋಡಿದ, ಮತ್ತೆ ಕಾರ್ಡನ್ನು ನೋಡಿದ.

"ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ ಕಣಯ್ಯ. ಅಲ್ಲಿ ನನ್ನ ಹುಲ್ಲು ಕೊಯ್ಯೋ ಯಂತ್ರ ಇದೆ, ಹೊಸದು. ತಗೊಂಡ್ ಹೋಗು. ಇದನ್ನ ಇಲ್ಲೇ ಬಿಡು."

ಕಣ್ಣು ಕಾಣದವನು ಕಾರ್ಡಿಗೆ ಯಂತ್ರ ಕೊಡುತ್ತಾನೆಯೇ? ಆರ್ವಿಲ್ ನಡೆಯುತ್ತಿರಲಿಲ್ಲ, ತೇಲುತ್ತಿದ್ದ. ಊರಿಗೆ ಊರೇ ಸೇರಿ ತನ್ನನ್ನು ಏಮಾರಿಸಲು ನೋಡುತ್ತಿದೆ ಎಂಬುದರಲ್ಲಿ ಅವನಿಗೆ ಈಗ ಅನುಮಾನವೇ ಉಳಿಯಲಿಲ್ಲ.

ಮನೆಯ ಗೇಟಿನ ಹತ್ತಿರ ಪಾದ್ರಿ ಲಿಂಡ್‌ಕ್ವಿಸ್ಟ್ ಕಾಯುತ್ತಿದ್ದರು. ಕಾಜ್ ಫೋನು ಮಾಡಿದ್ದನಂತೆ. ಪಾದ್ರಿಗಳು ಇನ್ನೊಬ್ಬರ ಜೇಬಿಗೆ ಕೈಯೊಡ್ಡಿದ್ದನ್ನು ಎಲ್ಲರೂ ಕಂಡಿದ್ದರು. ಅಂದು ಅವರು ತಮ್ಮದೇ ಜೇಬಿಗೆ ಕೈ ಹಾಕಿ ನಲವತ್ತು ಡಾಲರ್ ತೆಗೆದರು.

"ಅದು ನಮ್ಮ ಸಂತೇಲಿ ತಪ್ಪಿ ಬಂದಿದ್ದಪ್ಪ. ವಾಪಸ್ ಕೊಟ್ಬಿಡು."

"ಐವತ್ತು ಸೆಂಟಿಗೆ ಕೊಟ್ಟಿದ್ದನ್ನ ನಲವತ್ತು ಡಾಲರಿಗೆ ಕೇಳ್ತೀರಲ್ಲ ಸ್ವಾಮಿ."

"ಕೆಲವು ಹಾಳೆ ಅಂಟಿಕೊಂಡಿದ್ರೇನೇ ಸಂಸಾರಕ್ಕೆ ಕ್ಷೇಮ," ಎಂದು ಪಾದ್ರಿ ನಿಟ್ಟುಸಿರು ಬಿಟ್ಟರು. ಆರ್ವಿಲ್ ಗೇಟು ಹಾಕಿಕೊಂಡ.

ಅಡಿಗೆಮನೆಯಲ್ಲಿ ಲೋರ್ನಾ ಸೂಪು ಕಲಕುತ್ತಿದ್ದಳು. ಆರ್ವಿಲ್ ಅವಳಿಗೆ ಬೆನ್ನು ಮಾಡಿ ನಿಂತು, ಒಂದು ಬೋಗುಣಿಯಲ್ಲಿ ಬೆಚ್ಚನೆಯ ನೀರು ತುಂಬಿ, ಹಾಳೆಯನ್ನು ಮುಳುಗಿಸಿದ.

"ಇವತ್ತು ಮೂರು ಜನ ಇದಕ್ಕೋಸ್ಕರ ನನ್ನ ಬೆನ್ನು ಹತ್ತಿದ್ರು ಗೊತ್ತಾ? ಪಾದ್ರಿ ಕೂಡ, ನಲವತ್ತು ಡಾಲರ್ ಹಿಡ್ಕೊಂಡು. ಸ್ವಲ್ಪ ತಡಿ, ಜಾತಕ ಬರತ್ತೆ."

ಅರ್ಧ ಗಂಟೆಗೆ ಕಪ್ಪು ಹಾಳೆ ಹಾಲಿನ ಕೆನೆಯಂತೆ ಬಿಟ್ಟುಕೊಂಡಿತು. ಹಿಂದೆ ಪೆನ್ಸಿಲಿನ ಅಕ್ಷರಗಳು. ಆರ್ವಿಲ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ:

"ಲೋರ್ನಾಗೆ. ಎರಡು ವರ್ಷ ಕಾಯಿ. ದೊಡ್ಡ ತಂಡಕ್ಕೆ ಸೇರಿದ ದಿನವೇ ಉಂಗುರ ತರುತ್ತೇನೆ. ನಿನ್ನ ಡ್ವೈಟ್."

ಸೂಪಿನ ಸೌಟು ನಿಂತಿತು. ಲೋರ್ನಾ ಬಂದು ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ, ಏಪ್ರನ್ನಿನಿಂದ ಮೆಲ್ಲಗೆ ಒತ್ತಿ ಒರೆಸಿದಳು.

"ಅಮ್ಮ ಸುಟ್ಟುಹಾಕ್ದೆ ಅಂದಿದ್ಲು. ತನ್ನ ಆಲ್ಬಮ್ಮಲ್ಲೇ ಇಟ್ಕೊಂಡಿದ್ಲು ನೋಡಿ. ಅವಳು ಹೋದ್ಮೇಲೆ ಬಿಚ್ಚೂ ನೋಡ್ದೆ ಚರ್ಚಿಗೆ ಕೊಟ್ಟವಳು ನಾನೇ."

"ಯಾವ... ಯಾವ ಕಂಪನಿ ಕಾರ್ಡು ಇದು?" ಎಂದು ಕೇಳಿದ ಆರ್ವಿಲ್.

"ಗಾಜಿನ ಕಾರ್ಖಾನೆ ತಂಡದ್ದು. ಪಿಕ್ನಿಕ್ಕಿಗೆ ಅಂತ ಒಬ್ಬೊಬ್ಬರದ್ದೂ ಒಂದು ಡಜನ್ ಮಾಡಿಸಿದ್ರು. ಅಲ್ಲೇ ಎಲ್ರ ಮುಂದೇನೇ ಬರ್ಕೊಟ್ಟಿದ್ದ."

"ಊರಿಗೆಲ್ಲ ಗೊತ್ತಿತ್ತಾ?"

"ನಿಮಗೊಬ್ರಿಗೆ ಗೊತ್ತಿರ್ಲಿಲ್ಲ. ಪಾಪ, ನಿಮ್ಮ ಮನಸ್ಸು ನೋಯ್ಬಾರ್ದು ಅಂತ ಅಷ್ಟು ದುಡ್ಡು ಕೊಡೋಕ್ ಬಂದಿದಾರೆ."

ಆರ್ವಿಲ್‌ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ನಾಚಿಕೆಗೇಡೆಂದರೆ, ಅದರ ಪಕ್ಕದಲ್ಲೇ ಒಂದಿಷ್ಟು ಖುಷಿಯೂ ಇತ್ತು: ಹನ್ನೆರಡರಲ್ಲಿ ಉಳಿದಿರುವುದು ಇದೊಂದೇ ಇರಬಹುದು.

"ಹಾಗಾದ್ರೆ ಇದಕ್ಕೆ ಬೆಲೆ ಏನೂ ಇಲ್ಲ," ಎಂದ ಅವನು, ಆದಷ್ಟು ಸಹಜವಾಗಿ.

"ಇಲ್ದೆ ಏನು? ಬೆಲೆ ಇರೋದು ಮನೇಲಿರ್ಲಿ, ಮಿಕ್ಕಿದ್ದು ಹೋಗ್ಲಿ ಅಂತ ಬೆಳಿಗ್ಗೆ ಒಪ್ಪಿದೀರಲ್ಲ. ಮಾತು ಮಾತೇ."

ಏಳು ಗಂಟೆಗೆ ಪಾದ್ರಿಗಳ ವ್ಯಾನು ಬಂತು. ಕಾಜ್ ಮತ್ತು ಹಬರ್ಟ್ ಆರ್ವಿಲ್‌ನ ಮುಖ ನೋಡದೆ ಇಪ್ಪತ್ತೇಳು ಪೆಟ್ಟಿಗೆ ಸಾಗಿಸಿದರು. ಬರಿದಾದ ಮೇಜಿಗೆ ಲೋರ್ನಾ ಬಟ್ಟೆ ಹಾಸಿದಳು, ಸೂಪು ಬಡಿಸಿದಳು, ನಗುವ ಹುಡುಗನನ್ನು ಎದುರಿನ ಗೋಡೆಯ ಬಳಿ ಹಿಡಿದು ಎತ್ತರ ನೋಡಿದಳು.

"ನಾಳಿದ್ದು ಇದಕ್ಕೊಂದು ಚೌಕಟ್ಟು ಹಾಕಿಸ್ಕೊಂಡ್ ಬನ್ನಿ. ಎರಡೂ ಕಡೆ ಗಾಜಿರ್ಲಿ," ಎಂದಳು. "ಜಾತಕ ಇರೋದು ಬೆನ್ನಲ್ಲೇ ಅಂತ ನೀವೇ ತಾನೆ ಹೇಳೋದು."