ಎತ್ತಿಗೊಂದು ಹಕಾರ

ಡಿಗ್ರಿ ಮುಗಿಸಿದವನಿಗೆ ಮೊದಲ ಕೆಲಸ ಸಿಕ್ಕಿದಾಗ ಮನೆಯವರಿಗೆ ಆಗುವ ಸಂತೋಷದಲ್ಲಿ ಕಾಲುಭಾಗವಾದರೂ ಅವನಿಗೂ ಆಗಬೇಕೆಂಬ ನಿಯಮವೇನೂ ಇಲ್ಲ. ನನಗಂತೂ ಆಗಲಿಲ್ಲ. ಸಸ್ಯಶಾಸ್ತ್ರ ಓದಿದ ನನಗೆ ಶ್ರೀರಂಗಪಟ್ಟಣದಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ಪಶು ಆಹಾರ ಮಾರುವ ಕಂಪನಿಯ ಫೋನ್ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಗಿಡಗಳ ಬಗ್ಗೆ ಓದಿ, ಕೊನೆಗೆ ಅವನ್ನು ಮೇಯುವವರ ಪಕ್ಷ ಸೇರಿದೆನಲ್ಲ ಎಂದು ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕೆಲಸ ಇಷ್ಟೇ: ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ರೈತರಿಗೆ ಫೋನ್ ಮಾಡಿ, ಮನೆಯಲ್ಲಿ ದನಕರು ಎಷ್ಟಿವೆ ಎಂದು ಕೇಳಿ, ಕಂಪ್ಯೂಟರಿಗೆ ತುಂಬಿ, ಕೊನೆಗೆ ನಮ್ಮ ಹಿಂಡಿಯ ಗುಣಗಾನ ಮಾಡುವುದು. ಗುಣಗಾನದ ಹೊತ್ತಿಗೆ ಆ ತುದಿಯಲ್ಲಿ ಸಾಮಾನ್ಯವಾಗಿ ಯಾರೂ ಇರುತ್ತಿರಲಿಲ್ಲ.

ಅವ್ವ ಮಾತ್ರ ಅರಕೆರೆಯ ನಮ್ಮ ಬೀದಿಗೆಲ್ಲ ಮಗ ಆಫೀಸಿನಲ್ಲಿದ್ದಾನೆ ಎಂದು ಸಾರಿಬಿಟ್ಟಿದ್ದಳು. ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಟ್ಟು ಬಸ್ಸಿಗೆ ಹೊರಟರೆ ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು. ಕೆಲಸ ಬಿಡುತ್ತೇನೆ ಎಂದು ಅವಳಿಗೆ ಹೇಳುವ ಧೈರ್ಯ ಸಂಜೆ ಬಸ್ಸು ಹತ್ತುವಾಗ ಇರುತ್ತಿತ್ತು, ಇಳಿಯುವಾಗ ಇರುತ್ತಿರಲಿಲ್ಲ.

ಇದರ ಮೇಲೆ ಹಕಾರದ ಕಾಟ. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮೊದಲಿನಿಂದಲೂ ರಜೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಅದರಿಂದ ಯಾರ ಮನೆಯೂ ಮುಳುಗಿದ್ದಿಲ್ಲ. ಆದರೆ ನಮ್ಮ ಮೇಲ್ವಿಚಾರಕಿ ಮೇಡಂ ಮೈಸೂರಿನವರು, ನಮ್ಮ ಮಾತನ್ನೆಲ್ಲ ತಮ್ಮ ಮೇಜಿನಿಂದಲೇ ಕೇಳಿಸಿಕೊಳ್ಳಬಲ್ಲವರು. ನಾನು ಯಾರನ್ನೋ "ಅಸು ಎಷ್ಟಿದೆ" ಎಂದು ಕೇಳಿದ್ದು ಅವರ ಕಿವಿಗೆ ಬಿತ್ತು. ಅಸು ಎಂದರೆ ಪ್ರಾಣ, ನೀವು ರೈತರಿಗೆ ಫೋನ್ ಮಾಡಿ ಇನ್ನೆಷ್ಟು ಪ್ರಾಣ ಉಳಿದಿದೆ ಎಂದು ವಿಚಾರಿಸುತ್ತಿದ್ದೀರಿ ಎಂದರು. ಕೋಣೆಯೆಲ್ಲ ನಕ್ಕಿತು. ನನಗೆ ಅವಮಾನವಾಯಿತು. ಅಂದಿನಿಂದ ಹಕಾರವನ್ನು ಬಿಗಿಯಾಗಿ ಹಿಡಿದುಕೊಂಡೆ. ಎಷ್ಟು ಬಿಗಿಯಾಗಿ ಎಂದರೆ ಅದು ಬೇಡದ ಕಡೆಗೂ ಬರತೊಡಗಿತು. ಕೆಳಗಿನ ಬೇಕರಿಯಲ್ಲಿ ಟೀ ಕೊಡುವವನನ್ನು "ಹಣ್ಣ" ಎಂದು ಕರೆದೆ. ಅವನು ಹಣ್ಣಿಲ್ಲ, ಬನ್ನಿದೆ ಎಂದ.

ಇಂದು ಮನೆಗೆ ಹೋಗಿ ಹೇಳಿಯೇ ಬಿಡುವುದು ಎಂದು ನಿಶ್ಚಯಿಸಿಕೊಂಡಿದ್ದ ಒಂದು ಮಧ್ಯಾಹ್ನ ಚಿನಕುರಳಿಗೆ ಫೋನ್ ಹೋಯಿತು. ತೆಗೆದದ್ದು ವಯಸ್ಸಾದ ಹೆಂಗಸು. ನಾನು ಕೇಳಬೇಕಾಗಿದ್ದದ್ದು ನೀವು ಎತ್ತು ಎಷ್ಟು ಸಾಕಿದ್ದೀರಿ ಎಂದು. ಬಾಯಿಂದ ಬಿದ್ದದ್ದು ಬೇರೆ.

"ಅಮ್ಮಾ, ನೀವು ಹೆತ್ತು ಎಷ್ಟು ಸಾಕಿದ್ದೀರಿ?"

ಉತ್ತರ ತುಂಬಲು ಬೆರಳನ್ನು ಅಂಕಿಗಳ ಮೇಲಿಟ್ಟುಕೊಂಡೆ.

"ಎತ್ತಿದ್ದು ಮೂರು ಕಣಪ್ಪಾ," ಎಂದಳು. ನನ್ನ ಬೆರಳು ಎತ್ತಿನ ಮುಂದೆ ಮೂರು ಎಂದು ಒತ್ತಿಯೂ ಆಯಿತು. "ಸಾಕಿದ್ದು ಎಲ್ಡು. ಮೊದುಲ್ದು ಎಣ್ಮಗ, ಉಳೀನಿಲ್ಲ."

ನಾನು ತಪ್ಪಾಯಿತು ಎನ್ನಬೇಕಿತ್ತು. ಅಷ್ಟರಲ್ಲಿ ಆಯಮ್ಮನೇ ಮಾತು ಮುಂದುವರಿಸಿದಳು. ಹೆಸರಿಡುವ ಮುಂಚೆಯೇ ಮಗು ಹೋದದ್ದು, ಆದರೂ ತಾನು ಮನಸ್ಸಿನಲ್ಲೇ ಒಂದು ಹೆಸರಿಟ್ಟುಕೊಂಡಿದ್ದು, ಅದನ್ನು ಗಂಡನಿಗೂ ಹೇಳದೆ ಉಳಿಸಿಕೊಂಡಿದ್ದು, ಎಲ್ಲ ಹೇಳಿದಳು. ಆ ಹೆಸರನ್ನೂ ಹೇಳಿದಳು, ಅದನ್ನಿಲ್ಲಿ ಬರೆಯುವುದಿಲ್ಲ.

"ಎಷ್ಟು ಮಕ್ಳು ಅಂತ ಎಲ್ರೂ ಕೇಳ್ತಾರೆ ಮಗ, ಎಲ್ಡು ಅಂತೀನಿ. ಎತ್ತದ್ದೆಷ್ಟು ಅಂತ ಯಾರೂ ಕೇಳಿರ್ನಿಲ್ಲ."

ಆಮೇಲೆ, ನಿನಗೇನು ಕೆಲಸ ಎಂದು ವಿಚಾರಿಸಿದಳು. ಹಿಂಡಿಯ ಮಾತೆತ್ತಲು ನನಗೆ ನಾಚಿಕೆಯಾಯಿತು. ಹಿಂಗೆ ಫೋನ್ ಮಾಡಿ ಕೇಳೋದೇ ಕೆಲಸ ಕಣವ್ವ ಎಂದೆ.

"ಒಳ್ಳೇ ಕೆಲ್ಸವೇ ಬುಡು," ಎಂದಳು. "ಈಗ ಕೇಳೋರಾದ್ರೂ ಎಲ್ಲವ್ರೆ?"

ತಿರುಗಿ ನೋಡಿದರೆ ಮೇಡಂ ತಮ್ಮ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಎತ್ತಿಗೆ ಹಕಾರ ಬೇಡ ಎಂದಷ್ಟೇ ಹೇಳಿ ಎದ್ದುಹೋದರು. ಕಂಪ್ಯೂಟರಿನಲ್ಲಿದ್ದ ಮೂರನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಆ ಮನೆಯಲ್ಲಿ ಮೂರು ಎತ್ತುಗಳಿವೆ ಎಂದು ಕಂಪನಿ ಈಗಲೂ ನಂಬಿಕೊಂಡಿದೆ.

ಹಾಗೆಂದು ನನಗೆ ಜ್ಞಾನೋದಯವಾಯಿತೆಂದು ತಿಳಿಯಬೇಡಿ. ಮುಂದಿನ ಫೋನಿಗೆ ಎದೆ ತುಂಬಿಕೊಂಡು, ಹಕಾರವನ್ನು ಅದರದರ ಜಾಗದಲ್ಲಿಟ್ಟು, ಎತ್ತು ಎಷ್ಟಿವೆ ಎಂದು ಕೇಳಿದೆ. ನಾಗಮಂಗಲದ ಕಡೆಯ ಆ ಯಜಮಾನ, "ನಮ್ತಾವ ಟ್ರಾಕ್ಟರೈತೆ, ಅದ್ಕೆ ಇಂಡಿ ತಿನ್ನುಸ್ಲಾ?" ಎಂದು ಫೋನ್ ಇಟ್ಟ. ಕೆಲಸವನ್ನು ನಾನಿನ್ನೂ ಬಿಟ್ಟಿಲ್ಲ, ಬೇಸರವೂ ನನ್ನನ್ನು ಬಿಟ್ಟಿಲ್ಲ. ಈಚೆಗೆ ಇಬ್ಬರೂ ಒಟ್ಟಿಗೇ ಬಸ್ಸು ಹತ್ತುತ್ತೇವೆ.

ಆ ಸಂಜೆ ಮನೆಗೆ ಹೋಗಿ ಊಟಕ್ಕೆ ಕೂತೆ. ಅವ್ವ ತಟ್ಟೆಗೆ ಮುದ್ದೆ ಇಟ್ಟು, ಇವತ್ತು ಆಫೀಸಿನಲ್ಲಿ ಏನು ಕೆಲಸ ಎಂದು ಎಂದಿನಂತೆ ವಿಚಾರಿಸಿದಳು. ಕೆಲಸ ಬಿಡುವ ಮಾತು ನನಗೆ ನೆನಪಿಗೇ ಬರಲಿಲ್ಲ. ನಾಲಿಗೆಯ ತುದಿಯಲ್ಲಿದ್ದದ್ದು ಮಧ್ಯಾಹ್ನದ ಅದೇ ಪ್ರಶ್ನೆ, ಈ ಸಲ ಬೇಕೆಂದೇ. ಅವಳು ಸಾಕಿದ್ದು ನನ್ನೊಬ್ಬನನ್ನು. ಹೆತ್ತದ್ದು ಎಷ್ಟು ಎಂಬುದು ನನಗೆ ಗೊತ್ತಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

"ಅವ್ವಾ," ಎಂದೆ.

"ಏನ್ಲಾ?"

ಮೂರು ತಾಲ್ಲೂಕಿನವರನ್ನು ಕೇಳುವುದೇ ಕೆಲಸವಾಗಿರುವ ನಾನು, "ಇನ್ನೊಂದ್ ಸೌಟು ಸಾರು ಬುಡು," ಎಂದೆ.