ಮೂರನೆಯ ಸಿಡಿಲಿನ ಗಂಟೆ

ಹಡಗುಕಟ್ಟೆಯ ಉಗ್ರಾಣದ ಗುಮಾಸ್ತರಿಗೆ ‘ನಾಳೆರಾಯರು’ ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. ಯಾರು ಏನು ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದದ್ದು “ನಾಳೆ ನೋಡೋಣ” ಒಂದೇ. ಇವತ್ತು ಮಾತ್ರ ಅವರಿಗೆ ನಾಳೆ ಬೇಕಿರಲಿಲ್ಲ. ಹನ್ನೊಂದು ಗಂಟೆಗೆ ಹೊಸ ಯುದ್ಧನೌಕೆ ‘ಸಿಡಿಲು’ ಮೊದಲ ಪ್ರಯಾಣ ಹೊರಡುವುದಿತ್ತು!

ಇದು ಆ ಹೆಸರಿನ ಮೂರನೆಯ ಹಡಗು. ಮೊದಲನೆಯ ಸಿಡಿಲಿನಲ್ಲಿ ರಾಯರ ತಾತ ಒಲೆಗೆ ಕಲ್ಲಿದ್ದಲು ತುಂಬಿದ್ದರು. ಎರಡನೆಯದರಲ್ಲಿ ಅಪ್ಪ ಫಿರಂಗಿ ಒರೆಸಿದ್ದರು. ರಾಯರು ಮಾತ್ರ ಮೂವತ್ತು ವರ್ಷ ಉಗ್ರಾಣದ ಕಿಟಕಿಯಿಂದಲೇ ಕಡಲು ನೋಡಿದವರು.

“ಹಳೇ ಸಿಡಿಲಿನ ಗಂಟೆ ಹೊಸ ಸಿಡಿಲಿಗೆ ಬರ್ಬೇಕು, ಅದು ಪದ್ಧತಿ,” ಎಂದಿದ್ದರು ಕ್ಯಾಪ್ಟನ್. “ತಂದು ಕಟ್ಟಿಸಿ, ನೀವೂ ಜೊತೆಗೆ ಬನ್ನಿ. ಹೊರಗಿನವರಿಗೆ ಇರೋದು ಒಂದೇ ಜಾಗ.”

ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ರಾಯರು ಉಗ್ರಾಣದ ಬೀಗ ತೆಗೆದರು. ಗಂಟೆಯೇ ಇಲ್ಲ! ಮರುಕ್ಷಣ ನೆನಪಾಯಿತು. ಹದಿನೈದು ವರ್ಷದ ಹಿಂದೆ ಕ್ಯಾಂಟೀನಿನ ಅಡುಗೆಯಣ್ಣ ಕೇಳಿದಾಗ ಇವರೇ ಎತ್ತಿ ಕೊಟ್ಟು, “ನಾಳೆ ವಾಪಸ್ ತಗೋತೀನಿ” ಎಂದಿದ್ದರು.

ಎದ್ದೆನೋ ಬಿದ್ದೆನೋ ಎಂದು ಕ್ಯಾಂಟೀನಿಗೆ ಓಡಿದರು.

“ಕೊಡಕ್ಕಾಗಲ್ಲ ರಾಯರೇ,” ಎಂದ ಅಡುಗೆಯಣ್ಣ. “ಇದನ್ನ ಬಾರಿಸಿದ್ರೇನೇ ಎಂಟುನೂರು ಜನ ಊಟಕ್ಕೆ ಬರೋದು. ಸಾಲಿನಲ್ಲಿ ದಿನಾ ನೀವೇ ಮೊದಲು!”

“ಬೇರೆ ಗಂಟೆ ಕೊಡಿಸ್ತೀನಿ ಕಣಯ್ಯ!”

“ಯಾವಾಗ?”

“ನಾ...” ರಾಯರು ನಾಲಿಗೆ ಕಚ್ಚಿಕೊಂಡರು. “ಇವತ್ತೇ! ನನ್ನ ಮಾನ ಉಳಿಸೋ ಮಹರಾಯ!”

“ಸರಿ. ಆದ್ರೆ ಇದರ ನಾಲಿಗೆ ಬಿದ್ದುಹೋಗಿದೆ, ನಾನು ಸೌಟಲ್ಲಿ ಬಾರಿಸೋದು. ಬಾರಿಸೋಕೆ ನಾನೇ ಬರ್ತೀನಿ.”

ಗಂಟೆಯ ತುಂಬ ಮಸಿ. ದಾರಿಯಲ್ಲಿ ವೆಲ್ಡರ್ “ಮರಳು ಹಾಕಿ ಉಜ್ಜಿ” ಎಂದ, ಪೇಂಟರ್ “ಎಣ್ಣೆ ಹಚ್ಚಿ” ಎಂದ. ಬಟ್ಟೆ ಮಾತ್ರ ಯಾರೂ ಕೊಡಲಿಲ್ಲ. ಗಂಟೆ ಫಳಫಳ ಹೊಳೆಯುವಷ್ಟರಲ್ಲಿ ರಾಯರ ಅಂಗಿ ಒಲೆ ಒರೆಸುವ ಬಟ್ಟೆಯಾಗಿತ್ತು.

ಅಂತೂ ಹನ್ನೊಂದಕ್ಕೆ ಸರಿಯಾಗಿ ಗಂಟೆ ಹಡಗಿನಲ್ಲಿ ತೂಗಿತು. ಡೆಕ್ಕಿನ ಮೇಲೆ ನಿಂತ ರಾಯರ ಕಣ್ಣು ತುಂಬಿತು. ತಾತ, ಅಪ್ಪ ಕೇಳಿದ ಗಂಟೆ! ಕೆಳಗೆ ಕಟ್ಟೆಯ ಮೇಲೆ ಎಂಟುನೂರು ಜನರ ಚಪ್ಪಾಳೆ.

“ಬಾರಿಸಿ!” ಎಂದರು ಕ್ಯಾಪ್ಟನ್.

ಅಡುಗೆಯಣ್ಣ ಸೌಟು ಎತ್ತಿದ. ಅವನಿಗೆ ಗೊತ್ತಿದ್ದದ್ದು ಒಂದೇ ಬಗೆ. ಢಣ್, ಢಣ್, ಢಣ್... ಢಣಾರ್!

ಚಪ್ಪಾಳೆ ನಿಂತಿತು. ವೆಲ್ಡರ್ ಮುಖವಾಡ ಎಸೆದ, ಪೇಂಟರ್ ಕುಂಚ ಬಿಸಾಡಿದ. ಎಂಟುನೂರು ಜನ ಕ್ಯಾಂಟೀನಿನತ್ತ ದೌಡು!

ರಾಯರಿಗೆ ನಗು ತಡೆಯಲಾಗಲಿಲ್ಲ. ‘ಎಂಥಾ ಹೊಟ್ಟೆಬಾಕರಪ್ಪಾ, ಇಂಥ ದಿನವೂ ಊಟದ್ದೇ ಧ್ಯಾನ’ ಎಂದುಕೊಳ್ಳುತ್ತ ಕೈ ನೋಡಿಕೊಂಡರು. ಕೈಯಲ್ಲಿ ತಟ್ಟೆ! ಕ್ಯಾಂಟೀನಿನ ಸಾಲಿನಲ್ಲಿ ಎಂದಿನಂತೆ ಅವರೇ ಮೊದಲು ನಿಂತಿದ್ದರು.

ಅಷ್ಟರಲ್ಲಿ ಹಡಗು ಕೂಗಿತು.

ತಟ್ಟೆ ಹಿಡಿದೇ ಓಡಿದರು. ಹಡಗು ಆಗಲೇ ಕಟ್ಟೆ ಬಿಟ್ಟಿತ್ತು. ಕ್ಯಾಪ್ಟನ್ ಪಕ್ಕದಲ್ಲಿ, ಆ ಒಂದೇ ಜಾಗದಲ್ಲಿ, ಸೌಟು ಹಿಡಿದು ನಿಂತಿದ್ದ ಅಡುಗೆಯಣ್ಣ. ಆ ಗಂಟೆಗೆ ಎಂದೂ ಓಡದವನು ಅದನ್ನು ಬಾರಿಸುವವನೊಬ್ಬನೇ ತಾನೇ!

“ಲೋ, ಅದು ನನ್ನ ಜಾಗ ಕಣೋ!” ರಾಯರು ಕಿರುಚಿದರು.

ಅಡುಗೆಯಣ್ಣ ಸೌಟು ಬೀಸಿ ಕೂಗಿದ: “ನಾಳೆ ವಾಪಸ್ ಕೊಡ್ತೀನಿ ರಾಯರೇ!”