ಕಬ್ಬಿಣದ ಸರಳಿಗೆ ಎಣ್ಣೆಸ್ನಾನ

ನಮ್ಮ ಭಾವನವರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಆ ಮನೆಯ ನೆಲವನ್ನು. ಮನೆಯವರ ಸರದಿ ಆಮೇಲೆ. ಅದೂ ನೆಲ ಸರಿಯಾಗಿದ್ದರೆ! ಹಿಮ್ಮಡಿಯಿಂದ ಟಕ್ ಟಕ್ ಎಂದು ಬಡಿದು, ತಲೆ ವಾಲಿಸಿ ಕೇಳಿಸಿಕೊಂಡು, "ಕೆಳಗೆ ಟೊಳ್ಳು ಉಂಟು" ಎಂದು ತೀರ್ಪು ಕೊಟ್ಟ ಮೇಲೆಯೇ ಅವರಿಗೆ ಕಾಫಿ ಗಂಟಲಲ್ಲಿ ಇಳಿಯುವುದು. ವೈದ್ಯರೂ ರೋಗಿಯ ಬೆನ್ನು ಬಡಿದು ನೋಡುತ್ತಾರೆ, ನಿಜ. ಆದರೆ ವೈದ್ಯರನ್ನು ಜನ ಕರೆಸಿಕೊಂಡಿರುತ್ತಾರೆ!

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮದರಾಸಿನ ಬಂದರಿನ ಬಳಿ ದೊಡ್ಡ ದೊಡ್ಡ ಗೋದಾಮು ಕಟ್ಟುವ ಕಂಟ್ರಾಕ್ಟರೊಬ್ಬರ ಹತ್ತಿರ ಓವರ್ಸಿಯರ್. ಗೋದಾಮಿನ ನೆಲವನ್ನು ಒಂದೇ ಏಟಿಗೆ ಹಾಕುವುದಿಲ್ಲವಂತೆ. ಕಾಂಕ್ರೀಟಿನ ಹಾಸುಗಳನ್ನು ಒಂದರ ಪಕ್ಕ ಒಂದು ಹಾಕುತ್ತಾ ಹೋಗುತ್ತಾರಂತೆ. ಎರಡು ಹಾಸು ಸೇರುವ ಆ ಗೆರೆ ಇದೆಯಲ್ಲ, ಭಾವನವರ ಜೀವ ಇರುವುದು ಅಲ್ಲಿ. ಲೋಕದಲ್ಲಿ ಯುದ್ಧವಾಗಲಿ, ಅಕ್ಕಿಗೆ ಕ್ಯೂ ನಿಲ್ಲಲಿ, ಅವರ ಚಿಂತೆ ಒಂದೇ: ಈ ಹಾಸಿನ ಮೇಲೆ ಬಿದ್ದ ಭಾರ ಪಕ್ಕದ ಹಾಸಿಗೆ ಹೋಗುತ್ತದೋ ಇಲ್ಲವೋ!

ಒಮ್ಮೆ ಅವರಿಗೆ ಹೆಣ್ಣು ನೋಡಲು ಟ್ರಿಪ್ಲಿಕೇನಿಗೆ ಹೋಗಿದ್ದೆವು. ಹುಡುಗಿ ಲಕ್ಷಣವಾಗಿ ಸೀರೆಯುಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ವರ ಎಲ್ಲಿ? ಕುರ್ಚಿ ಖಾಲಿ! ನೋಡಿದರೆ ಜಗಲಿಗೂ ಹಜಾರಕ್ಕೂ ನಡುವೆ ಮೊಣಕಾಲೂರಿ, ಕಿಸೆಯಲ್ಲಿದ್ದ ಬಸ್ ಟಿಕೇಟನ್ನು ಸಂದಿಯೊಳಗೆ ತೂರಿಸುತ್ತಿದ್ದಾರೆ.

"ಏನಾದರೂ ಬಿತ್ತಾ?" ಎಂದರು ಹುಡುಗಿಯ ತಂದೆ ಗಾಬರಿಯಾಗಿ.

"ಇಲ್ಲ. ನಿಮ್ಮ ಹಜಾರ ಕುಸೀತಾ ಉಂಟು, ಜಗಲಿ ನಿಂತಲ್ಲೇ ಉಂಟು. ಎರಡಕ್ಕೂ ನಡುವೆ ಕಬ್ಬಿಣದ ಸರಳು ಹಾಕಿಲ್ವಾ?"

ಹುಡುಗಿ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. "ಅಪ್ಪಯ್ಯ, ಮದುವೆ ಬೇಡ. ಬೇಕಾದರೆ ನೆಲ ರಿಪೇರಿಗೆ ಅವರನ್ನೇ ಕರೆಯಿರಿ" ಎಂದಳಂತೆ. ಭಾವನವರಿಗೆ ಬೇಸರವಾಯಿತೇ? ಎಲ್ಲಿಯ ಬೇಸರ! "ಹುಡುಗಿಗೆ ತಿಳುವಳಿಕೆ ಉಂಟು" ಎಂದು ದಾರಿಯುದ್ದಕ್ಕೂ ಹೊಗಳಿಕೊಂಡು ಬಂದರು.

ಇಂಥವರ ಕೈಗೆ ನಮ್ಮ ಸ್ವಂತ ನೆಲವೇ ಸಿಕ್ಕಿತು ನೋಡಿ.

ಅಡ್ಯಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಆಗ ಅಡ್ಯಾರು ಈಗಿನಂತಲ್ಲ. ಮರಗಳು ಹೆಚ್ಚು, ಗಿರಾಕಿಗಳು ಕಡಿಮೆ. ಮುಂದೆ ಹೋಟೆಲು, ನಡುವೆ ಅಡುಗೆಮನೆ, ಹಿಂದೆ ನಮ್ಮ ವಾಸ. ಹಿಂದಿನ ಜಗಲಿಯ ಕಾಂಕ್ರೀಟು ದಾಟಿದರೆ ಅಡುಗೆಮನೆ. ಅಡುಗೆಮನೆಗೆ ಒಡೆಯರು ನನ್ನ ಅತ್ತೆ. ಅವರಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು, ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಹೋದರೇನು? ಹುಳಿ ಕುದಿಯುವ ಸದ್ದಿನಲ್ಲೇ ಬೇಳೆ ಬೆಂದಿತೋ ಇಲ್ಲವೋ ಹೇಳುತ್ತಿದ್ದರು, ವಾಸನೆಯಲ್ಲೇ ಉಪ್ಪು ಹಿಡಿಯುತ್ತಿದ್ದರು. ಅಡುಗೆ ಭಟ್ಟರು ಅವರಿಗೆ ಹೆದರಿದಷ್ಟು ದೇವರಿಗೂ ಹೆದರುತ್ತಿರಲಿಲ್ಲ. ದೇವರು ಕ್ಷಮಿಸುತ್ತಾನೆ ಎಂಬ ಧೈರ್ಯವಿತ್ತಲ್ಲ!

ಅಕ್ಕಿ ಮೂಟೆಯ ಗಾಡಿ, ಹುಳಿಯ ಕೊಪ್ಪರಿಗೆ ಇಟ್ಟ ಗಾಡಿ, ಎಲ್ಲವೂ ಆ ಜಗಲಿ ದಾಟಿಯೇ ಓಡಾಡಬೇಕು. ಓಡಾಡಿ ಓಡಾಡಿ ಅಡುಗೆಮನೆಯ ನೆಲದ ಅಂಚು ಕುಸಿಯಿತು, ಜಗಲಿಯ ಅಂಚು ನಿಂತೇ ಇತ್ತು. ಬೆರಳಿನ ದಪ್ಪದ ಮೆಟ್ಟಿಲು. ಕಣ್ಣಿದ್ದವರಿಗೆ ಅದು ಏನೂ ಅಲ್ಲ. ಅತ್ತೆಯ ಕಾಲು ಅದಕ್ಕೇ ಸಿಕ್ಕಿತು. ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಬಹಳ ದಿನ ಮಲಗಿದರು. ಮೂಳೆ ಮುರಿಯಲಿಲ್ಲ, ಅದು ದೇವರ ದಯೆ. ಎದ್ದ ಮೇಲೆ ನಮ್ಮ ಯಜಮಾನರು ಕಡ್ಡಿ ತುಂಡು ಮಾಡಿದಂತೆ ಹೇಳಿದರು: "ಅಮ್ಮಾ, ಇನ್ನು ನೀನು ಅಡುಗೆಮನೆಗೆ ಕಾಲಿಡಬಾರದು. ಕೂತು ಜಪ ಮಾಡು."

ಜಪ ಅತ್ತೆಗೆ ಹೊಸತೇ? ಹುಳಿ ತಿರುವುತ್ತಲೇ ಜಪ ಮಾಡಿದವರು ಅವರು. ಸುಮ್ಮನೆ ಕೂತು ಮಾಡಲು ಬರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತರು. ಮಾತು ಕಡಿಮೆಯಾಯಿತು, ಊಟ ಎರಡು ತುತ್ತಿಗೆ ಇಳಿಯಿತು. "ಯಾಕತ್ತೆ?" ಎಂದರೆ, "ಹಸಿವೆ ಇಲ್ಲ ಮಗಳೇ" ಎನ್ನುತ್ತಿದ್ದರು. ನಮ್ಮ ಕಣ್ಣೆದುರೇ ಬತ್ತುತ್ತಿದ್ದರು.

ಅಷ್ಟರಲ್ಲಿ ಅಡುಗೆಮನೆ ಒಡೆದು ದೊಡ್ಡದು ಮಾಡುವ ಕಾಲ ಬಂತು. ಭಾವನವರು ಸೈಕಲ್ಲು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ನಿಂತರು.

"ಜಗಲಿಗೂ ಹೊಸ ನೆಲಕ್ಕೂ ನಡುವೆ ಸರಳು ಹಾಕ್ಬೇಕು. ಅಮ್ಮ ಒಳಗೆ ಬರ್ತಾಳೆ."

"ಅಣ್ಣಯ್ಯ, ಇದು ಹೋಟ್ಲು, ನಿನ್ನ ಗೋದಾಮಲ್ಲ. ಶ್ರಾವಣಕ್ಕೆ ಮುಹೂರ್ತ ಇಟ್ಟಾಗಿದೆ."

"ಮುಹೂರ್ತ ಕಾಯ್ತದೆ. ಕಾಂಕ್ರೀಟು ಕಾಯೂದಿಲ್ಲ."

ವಾದ ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. ಭಾವನವರು ಹೋಟೆಲಿನ ಮೇಜಿನ ಮೇಲೆ ಒಂದು ತಟ್ಟೆ ಹಲ್ವ ತರಿಸಿದರು. ಅದರ ಮೇಲೆ ಎರಡು ಮೈಸೂರುಪಾಕು ಪಕ್ಕಪಕ್ಕ ಇಟ್ಟರು. "ಹಲ್ವ ಅಂದ್ರೆ ಅಡ್ಯಾರಿನ ಮಣ್ಣು. ಇವೆರಡು ಹಾಸು. ಈಗ ನೋಡು." ಒಂದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹಲ್ವದಲ್ಲಿ ಮುಳುಗಿತು. ಇನ್ನೊಂದು ಬೀಗರ ಹಾಗೆ ನೋಡುತ್ತಾ ಕೂತಿತು. ಆಮೇಲೆ ಎರಡಕ್ಕೂ ಅಡ್ಡವಾಗಿ ಹೊಸ ಪೊರಕೆಯ ಕಡ್ಡಿಗಳನ್ನು ಚುಚ್ಚಿ, ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಇರುವ ಹಾಗೆ ಮಾಡಿ ಮತ್ತೆ ಒತ್ತಿದರು. ಎರಡೂ ಒಟ್ಟಿಗೆ ಇಳಿದವು. ನಡುವೆ ಮೆಟ್ಟಿಲೇ ಇಲ್ಲ!

ಪಕ್ಕದ ಮೇಜಿನ ಗಿರಾಕಿ ಸರ್ವರನ್ನು ಕರೆದು, "ನಮಗೂ ಒಂದು ಪ್ಲೇಟ್ ಅದೇ ಕೊಡಪ್ಪಾ, ಕಡ್ಡಿ ಹಾಕಿದ್ದು" ಎಂದರು.

"ಸರಿ ಮಾರಾಯ, ಹಾಕು" ಎಂದರು ನಮ್ಮವರು, ನಗು ತಡೆಯಲಾರದೆ. "ಎರಡೂ ಕಡೆ ಗಟ್ಟಿ ಹಿಡಿಯೋ ಹಾಗೆ ಹಾಕಿಬಿಡು."

"ಅದು ಕೂಡದು! ಒಂದು ಕಡೆ ಮಾತ್ರ ಗಟ್ಟಿ. ಇನ್ನೊಂದು ಕಡೆ ಜಾರ್ಬೇಕು. ಬಿಸಿಲಿಗೆ ಕಾಂಕ್ರೀಟು ಹಿಗ್ತದೆ, ತಂಪಿಗೆ ಕುಗ್ತದೆ. ಎರಡೂ ಕಡೆ ಹಿಡಿದ್ರೆ ಬಿರುಕು ಬಿಡ್ತದೆ. ಭಾರ ಹೊರ್ಲಿಕ್ಕೆ ಜೊತೆ ಬೇಕು, ಉಸಿರಾಡ್ಲಿಕ್ಕೆ ಜಾಗ ಬೇಕು."

"ಹೆಂಡತಿ ಇಲ್ಲದವನಿಗೆ ಎಷ್ಟೊಂದು ಸಂಸಾರಜ್ಞಾನ!" ಎಂದರು ನಮ್ಮವರು. ನಾನು ಒಳಗೆ ಹೋಗಿ ನಕ್ಕೆ.

ಜಾರಬೇಕಾದ ಅರ್ಧಕ್ಕೆ ಗ್ರೀಸು ಹಚ್ಚುತ್ತಾರಂತೆ. ಆ ಸುದ್ದಿ ಹಿಂದಿನ ಕೋಣೆಗೆ ಮುಟ್ಟಿತು. "ಗ್ರೀಸಿನಲ್ಲಿ ಎಂತ ಇರ್ತದೆ?" ಎಂದು ಅತ್ತೆ ಕೇಳಿದರು. ಭಟ್ಟರು ದನಿ ತಗ್ಗಿಸಿ, "ಕೊಬ್ಬು ಇರ್ತದಂತೆ ಅಮ್ಮ" ಎಂದುಬಿಟ್ಟರು. ಅಷ್ಟು ದಿನ ಮೂಲೆ ಹಿಡಿದಿದ್ದ ಅತ್ತೆ ಎದ್ದು ನಿಂತರು!

"ದೇವರ ನೈವೇದ್ಯ ಬೇಯುವ ನೆಲದಡಿ ಕೊಬ್ಬಾ? ನಾನು ಬದುಕಿರುವಾಗ ಆಗ್ಲಿಕ್ಕಿಲ್ಲ!"

ಭಾವನವರು ಯಾರಿಗೂ ಸೋಲದವರು, ಅಮ್ಮನಿಗೆ ಸೋತರು. ಹರಳೆಣ್ಣೆ ಆಗಬಹುದು ಎಂದು ಒಪ್ಪಿದರು. ಸರಳುಗಳನ್ನು ಗೋಣಿಯ ಮೇಲೆ ಸಾಲಾಗಿ ಮಲಗಿಸಿ, ಕೆಲಸಕ್ಕೆ ಹೋಗಿ ಬಂದು ಅರ್ಧರ್ಧ ಎಣ್ಣೆ ಹಚ್ಚುತ್ತೇನೆ ಎಂದು ಹೇಳಿ ಹೋದರು. ಅತ್ತೆ ಕೇಳಿಸಿಕೊಂಡಿದ್ದರು. ಮಗನಿಗೆ ಅಷ್ಟಾದರೂ ಸಹಾಯ ಮಾಡೋಣವೆಂದು ಬಟ್ಟಲು ತರಿಸಿಕೊಂಡು, ಸರಳುಗಳ ಮುಂದೆ ಕೂತು, ತಡವಿ ತಡವಿ ಹಚ್ಚಿದರು. ಅರ್ಧಕ್ಕಲ್ಲ, ಪೂರ್ತಿ! ಒಂದೊಂದಕ್ಕೂ ತಿಕ್ಕಿ ತಿಕ್ಕಿ, ದೀಪಾವಳಿಯ ದಿನ ಮಕ್ಕಳಿಗೆ ಹಚ್ಚಿದ ಹಾಗೆ. ಮೇಲೆ ಒಂದೊಂದು ಕುಂಕುಮದ ಬೊಟ್ಟು ಬೇರೆ.

ಸಂಜೆ ಭಾವನವರು ಬಂದು ನೋಡಿ ತಲೆಯ ಮೇಲೆ ಕೈಯಿಟ್ಟರು. "ಅಮ್ಮಾ, ಅರ್ಧ ಅಂದಿದ್ದೆ ಅಲ್ವಾ!"

"ಅರ್ಧ ಮೈಗೆ ಎಣ್ಣೆ ಯಾರಾದ್ರೂ ಹಚ್ತಾರಾ? ಅಪಶಕುನ! ಎಣ್ಣೆಸ್ನಾನ ಅಂದ್ರೆ ನೆತ್ತಿಯಿಂದ ಹಿಮ್ಮಡಿವರೆಗೆ."

ಗಟ್ಟಿ ಹಿಡಿಯಬೇಕಾದ ಅರ್ಧದಲ್ಲಿ ಎಣ್ಣೆಯಿದ್ದರೆ ಸಿಮೆಂಟು ಹಿಡಿಯುವುದಿಲ್ಲ. ಭಾವನವರು ನನ್ನಿಂದ ಸೀಗೆಪುಡಿ ಕೇಳಿ ಪಡೆದು, ಬಾವಿಕಟ್ಟೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಸರಳಿನ ಅರ್ಧ ಮೈ ಉಜ್ಜಿ ತೊಳೆದರು. ಆ ಹೊತ್ತಿಗೇ ಬರಬೇಕೇ ನಮ್ಮ ತಮಿಳು ಮೇಸ್ತ್ರಿ! ಕಣ್ಣರಳಿಸಿ ನೋಡಿ, "ಸಾಮಿ, ಸಾಂಬ್ರಾಣಿ ಪೋಡಟ್ಟುಮಾ?" ಎಂದ. ಎಣ್ಣೆ ನೀರೆರೆದುಕೊಂಡವರ ಕೂದಲಿಗೆ ಧೂಪದ ಹೊಗೆ ಹಾಕುತ್ತಾರಲ್ಲ, ಅದನ್ನು ಹಾಕಲೇ ಎಂದು! ಅತ್ತೆಗೂ ಕೇಳಿಸಿತು. ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದು ಆ ಸಂಜೆ. ನಾನು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಜಗಲಿಯ ಅಂಚಿನಲ್ಲಿ ಉಳಿಯಿಂದ ತೂತು ಕೊರೆದು, ತೊಳೆದ ಅರ್ಧವನ್ನು ಅದರೊಳಗೆ ಸಿಮೆಂಟಿನಲ್ಲಿ ಕೂರಿಸಿದರು. ಎಣ್ಣೆಯ ಅರ್ಧ ಹೊರಗೆ ಚಾಚಿಕೊಂಡಿತು. ಎಲ್ಲವೂ ಒಂದೇ ಮಟ್ಟದಲ್ಲಿ, ಒಂದೇ ದಿಕ್ಕಿಗೆ ಇರಬೇಕೆಂದು ಭಾವನವರ ಹಟ. ಒಂದು ಸರಳು ಕೂದಲೆಳೆಯಷ್ಟು ಸೊಟ್ಟಗಾದರೂ ಕೀಳಿಸಿ ಮತ್ತೆ ಹಾಕಿಸಿದರು. ಆಮೇಲೆ ಅವುಗಳ ಮೇಲೆ ಹೊಸ ಕಾಂಕ್ರೀಟು ಸುರಿದು, ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ನೀರು ನಿಲ್ಲಿಸಿದರು. ಅಡುಗೆಮನೆಯಲ್ಲಿ ಕೆರೆ! ಕಪ್ಪೆಗಳೂ ಬಂದವು. ಮುಹೂರ್ತ ಶ್ರಾವಣದಿಂದ ಭಾದ್ರಪದಕ್ಕೆ ಜಾರಿತು. ನಮ್ಮವರು ಅಣ್ಣನ ಜೊತೆ ಮಾತು ಬಿಟ್ಟರು. ಅಡುಗೆ ಮಾತ್ರ ಬಿಡಲಿಲ್ಲ, ಅಂಗಳದಲ್ಲೇ ಒಲೆ ಹೂಡಿಸಿದರು.

ಪ್ರವೇಶದ ದಿನ ನೆಲ ಕನ್ನಡಿಯಂತಿತ್ತು. "ಸಮ ಉಂಟಲ್ಲ, ಅತ್ತೆಯನ್ನ ಕರ್ಕೊಂಡು ಬರ್ಲಾ?" ಎಂದು ನಾನೇ ಕೇಳಿದೆ.

"ಮೊದಲ ದಿನ ಎಲ್ಲಾ ನೆಲವೂ ಸಮವೇ" ಎಂದರು ನಮ್ಮವರು. "ಮಳೆಗಾಲ ಮುಗೀಲಿ. ಆಗಲೂ ಹೀಗೇ ಇದ್ರೆ ಅಮ್ಮ ಬರ್ಲಿ. ಇಲ್ಲದಿದ್ರೆ ಈ ಮಾತು ಮತ್ತೆ ಯಾರೂ ಎತ್ತಬಾರ್ದು."

"ಆಯ್ತು" ಎಂದರು ಭಾವ. "ಲಾರಿ ಹೋದ್ರೂ ಅಲುಗ್ಲಿಕ್ಕಿಲ್ಲ."

ಆ ವರ್ಷ ಐಪ್ಪಸಿಯ ಮಳೆ, ಅದೇ ಮದರಾಸಿಗೆ ದೀಪಾವಳಿಯ ಹೊತ್ತಿಗೆ ಬರುವ ಮಳೆ, ಸುರಿಯಿತೆಂದರೆ! ಅಡ್ಯಾರಿನ ಹೊಳೆ ಉಕ್ಕಿತು, ಅಂಗಳದ ಮಣ್ಣು ಪಾಯಸವಾಯಿತು. ಅಕ್ಕಿ ಮೂಟೆಗಳು, ಕೊಪ್ಪರಿಗೆಗಳು, ಹೊಸದಾಗಿ ಬಂದ ರುಬ್ಬುವ ಮೆಷಿನ್ನು, ಎಲ್ಲ ಆ ಗೆರೆಯ ಮೇಲೆಯೇ ಹಾದವು. ಭಾವನವರು ದಿನಾ ಕೆಲಸ ಮುಗಿಸಿ, ನೆನೆದುಕೊಂಡೇ ಸೈಕಲ್ಲಿನಲ್ಲಿ ಬಂದು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿ ಹೋಗುತ್ತಿದ್ದರು. ಅತ್ತೆ ಕೋಣೆಯಿಂದಲೇ ಕೇಳುತ್ತಿದ್ದರು, "ಎಂತಾಯ್ತು ಮಗಾ?" "ಇನ್ನೂ ಮಳೆ ಉಂಟಮ್ಮ." ಇಬ್ಬರೂ ಅಷ್ಟೇ ಹಟಮಾರಿಗಳು. ಅತ್ತೆ ಊಟ ಸ್ವಲ್ಪ ಹೆಚ್ಚಿಸಿದ್ದರು, ನಡೆಯಲು ಶಕ್ತಿ ಬೇಕಲ್ಲ!

ಮಳೆ ಬಿಟ್ಟಿತು. ನಮ್ಮವರು ತಾವೇ ಕೂತು ಗೆರೆಯ ಮೇಲೆ ಬೆರಳಾಡಿಸಿದರು. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಎದ್ದು ಹಿಂದಿನ ಕೋಣೆಗೆ ಹೋಗಿ, "ಅಮ್ಮಾ, ಬಾ" ಎಂದರು.

ಅತ್ತೆ ಯಾರ ಕೈಯನ್ನೂ ಹಿಡಿಯಲಿಲ್ಲ. ಬಿದ್ದ ನೆನಪು ಕಾಲಿಗೆ ಇತ್ತು. ಒಂದೊಂದು ಹೆಜ್ಜೆಯನ್ನೂ ಎತ್ತಿ ಎತ್ತಿ ಇಡುತ್ತಿದ್ದರು. ಭಟ್ಟರು ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು. ಜಗಲಿ ಕಳೆಯಿತು. ಗೆರೆ ದಾಟಿತು. ಅತ್ತೆ ಇನ್ನೂ ಕಾಲೆತ್ತಿ ಇಡುತ್ತಲೇ ಇದ್ದರು.

"ಅಡುಗೆಮನೆ ಇನ್ನೂ ಎಷ್ಟು ದೂರ?" ಎಂದರು.

"ಬಂದಾಯ್ತತ್ತೆ. ಒಳಗೇ ಇದ್ದೀರಿ" ಎಂದೆ.

ಅವರು ನಿಂತರು. ಆಗ ನಾನು ಕೆಳಗೆ ನೋಡಿದೆ. ಲಾರಿ ಹೋದರೂ ಅಲುಗದು ಎಂದು ಸಾರಿದ್ದ ನಮ್ಮ ಭಾವ, ಅತ್ತೆಯ ಹಿಂದೆಯೇ ಮೊಣಕಾಲಲ್ಲಿ ತೆವಳುತ್ತಾ ಬಂದಿದ್ದರು. ಎರಡು ಅಂಗೈಗಳನ್ನೂ ಅವರ ಪಾದಗಳ ಎರಡು ಪಕ್ಕಕ್ಕೆ, ಮುಟ್ಟದೆ, ಚಾಚಿಕೊಂಡಿದ್ದರು. ಮೊದಲ ಹೆಜ್ಜೆಯಿಡುವ ಮಗುವಿನ ಹಿಂದೆ ತಾಯಿ ಕೈಯೊಡ್ಡುತ್ತಾಳಲ್ಲ, ಹಾಗೆ.

"ಯಾರದು ಕೆಳಗೆ?" ಎಂದರು ಅತ್ತೆ.

"ನಾನಮ್ಮ."

ಅತ್ತೆ ಬಗ್ಗಿ, ತಡವಿ, ಅವರ ತಲೆ ಸಿಕ್ಕಿದ ಮೇಲೆ ಅದರ ಮೇಲೊಂದು ಕೈಯಿಟ್ಟರು. "ಏಳು ಮಗಾ, ದಾರಿ ಬಿಡು. ಹುಳಿ ತಳ ಹಿಡೀತಾ ಉಂಟು."